ಗೆರೆಯಿಲ್ಲದ ನೆಲ

ಹೋದ ತಿಂಗಳು ಅವರು ತೀರಿಕೊಂಡ ಖಬರು ಬಂದಾಗ ನಾನು ಅಡುಗೆಮನೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಫೋನ್ ಇಟ್ಟ ಮೇಲೂ ಕೈ ನಿಲ್ಲಲಿಲ್ಲ. ಮೊರದಲ್ಲಿದ್ದದ್ದು ಮುಗಿಯುವವರೆಗೆ ಹರಳು ಆರಿಸಿದೆ, ಆಮೇಲೆ ಎದ್ದು ಮುಖ ತೊಳೆದುಕೊಂಡೆ. ಸಂಜೆಯೊಳಗೆ ಇನ್ನೂ ಮೂರ್ನಾಲ್ಕು ಜನ ಫೋನ್ ಮಾಡಿದರು. ಎಲ್ಲರೂ ಗದಗ-ಬೆಟಗೇರಿ ಸುತ್ತಮುತ್ತ ಗೋದಾಮು ಕಟ್ಟುವ ಜನ. ಎಲ್ಲರದೂ ಒಂದೇ ಮಾತು: "ಅಂಥಾ ಮನಷ್ಯಾ ಇನ್ನ ಹುಟ್ಟಂಗಿಲ್ರಿ ಅಕ್ಕಾರ." ನಾನು ಹೌದೌದು ಎಂದೆ. ಹುಟ್ಟದಿದ್ದರೇ ಒಳ್ಳೆಯದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದ ಕಡೆ ಒಮ್ಮೆ ಬರೆದಾಗಿದೆ. ಕಸುಬಿನವರು ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು, ನಾನು ಕಾಕಾ ಎನ್ನುತ್ತಿದ್ದೆ. ಈಗಲೂ ಬೇರೆ ಹೆಸರು ಬಾಯಿಗೆ ಬರುವುದಿಲ್ಲ, ಅದೇ ನನಗೆ ಸಿಟ್ಟು.

ಅವರು ಗೋದಾಮುಗಳಿಗೆ, ಕಾರ್ಖಾನೆಗಳಿಗೆ ಕಾಂಕ್ರೀಟಿನ ನೆಲ ಹಾಸುವವರು. ಉಳಿದ ಗುತ್ತಿಗೆದಾರರು ನೆಲ ಹಾಸಿದ ಮರುದಿನ ಯಂತ್ರ ತಂದು ಅದರ ಮೇಲೆ ಚೌಕ ಚೌಕ ಗೆರೆ ಕೊಯ್ಯುತ್ತಾರೆ. ಕಾಂಕ್ರೀಟು ಒಣಗುತ್ತ ಬಿರಿಯುವುದಿದ್ದರೆ ಆ ಗೆರೆಯಲ್ಲೇ ಬಿರಿಯಲಿ ಎಂದು. ಆದರೆ ಭಾರದ ಗಾಡಿಗಳು ಓಡಾಡಿ ಓಡಾಡಿ ಮೊದಲು ಉದುರುವುದು ಆ ಗೆರೆಗಳ ಅಂಚೇ. ಕಾಕಾನದು ಗೆರೆಯಿಲ್ಲದ ನೆಲ. ಉಕ್ಕಿನ ಸಣ್ಣ ಎಳೆಗಳನ್ನು ಬೆರೆಸಿ, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಹಾಸು. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಕಡೆ ದೊಡ್ಡ ಗೋದಾಮು ಏಳುತ್ತಿದೆ ಎಂದರೆ ಮಾಲಕರು ಮೊದಲು ಅವರನ್ನೇ ಹುಡುಕಿಕೊಂಡು ಹೋಗುತ್ತಿದ್ದರು.

ಎತ್ತರದ, ಒಣಕಲು ಆಳು. ಮೊಳಕಾಲಿನವರೆಗೆ ಮಡಚಿದ ಪ್ಯಾಂಟು, ಹೆಗಲ ಮೇಲೊಂದು ಕೆಂಪು ಟವೆಲ್. ಯಾವ ಗೋದಾಮಿಗೆ ಹೋದರೂ, ಬೇರೆಯವರು ಹಾಸಿದ ನೆಲವಾದರೂ, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಕಾಲಿಡುತ್ತಿದ್ದರು. ಭಕ್ತಿಯಿಂದಲ್ಲ. ಅಂಗಾಲಿಗೆ ತಿಳಿದಷ್ಟು ಮಟ್ಟಗೋಲಿಗೆ ತಿಳಿಯುವುದಿಲ್ಲ ಎನ್ನುತ್ತಿದ್ದರು. ಹತ್ತು ಹೆಜ್ಜೆ ನಡೆದು, ನಿಂತು, "ಇಲ್ಲೆ ನೀರ ನಿಂದರತೈತಿ ನೋಡು" ಎಂದರೆ ಅಲ್ಲಿ ನೀರು ನಿಲ್ಲುತ್ತಿತ್ತು.

ಹಸಿ ಕಾಂಕ್ರೀಟಿನ ಮೇಲೆ ತಿರುಗುವ ಯಂತ್ರ ಬಿಟ್ಟು ಹೊಳಪು ಕೊಡುವುದಕ್ಕೆ ಒಂದು ಹದವಿದೆ. ಬೇಗ ಬಿಟ್ಟರೆ ಮೇಲ್ಮೈ ಕಿತ್ತು ಬರುತ್ತದೆ, ತಡವಾದರೆ ಜಪ್ಪಯ್ಯ ಎಂದರೂ ಹೊಳಪು ಬರುವುದಿಲ್ಲ. ಆ ಹದವನ್ನು ಅವರು ಹಿಮ್ಮಡಿ ಊರಿ ನೋಡುತ್ತಿದ್ದರು. ಹಿಮ್ಮಡಿ ಎಷ್ಟು ಇಳಿಯಿತೆಂದು ಬಗ್ಗಿ ನೋಡಿ, "ಇನ್ನ ಹಸೀ ಐತಿ, ಎಲ್ಲಾರೂ ಚಾ ಕುಡದ ಬರ್ರಿ" ಎನ್ನುವರು. ತಾವು ಮಾತ್ರ ಕುಡಿಯುವವರಲ್ಲ. ನೆಲ ಹಾಸುವ ದಿನ ನಸುಕಿನಿಂದ ಕೆಲಸ ಮುಗಿಯುವವರೆಗೆ ಬಾಯಲ್ಲಿ ಒಂದು ಯಾಲಕ್ಕಿ, ಅಷ್ಟೇ.

ಅವರಿಗೆ ನಿಜವಾದ ವೈರಿ ಎಂದರೆ ಗಾಳಿ. ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿ ಹಸಿ ನೆಲದ ಮೇಲಿನ ನೀರನ್ನು ಹೀರಿ ಕೂದಲೆಳೆಯಂಥ ಬಿರುಕು ಎಬ್ಬಿಸುತ್ತದೆ. ಕಾಕಾ ಗಾಳಿ ಬರುವ ಮಗ್ಗುಲಿಗೆ ಗೋಣಿತಟ್ಟಿನ ಪರದೆ ಕಟ್ಟಿಸಿ ಅದಕ್ಕೆ ನೀರು ಹೊಡೆಸುತ್ತಿದ್ದರು. ಪರದೆ ಹಾರಿದರೆ ಗಾಳಿಗೆ ತಂದೆತಾಯಿ ಹಿಡಿದು ಬೈಯುತ್ತಿದ್ದರು. ಗಾಳಿಗೆ ಎಲ್ಲಿಯ ತಂದೆತಾಯಿ ಎಂದು ನಾನು ನಕ್ಕರೆ ಒಂದು ಪಾಲು ನನಗೂ ಸಿಗುತ್ತಿತ್ತು. ಒಮ್ಮೆ ಒಬ್ಬ ಗೌಂಡಿ, ಕೆಲಸ ಹಗುರಾಗಲೆಂದು ಕಸಬರಿಗೆ ಅದ್ದಿ ನೆಲದ ಮೇಲೆ ನೀರು ಚಿಮುಕಿಸಿದ. ಹಾಗೆ ಮಾಡಿದರೆ ಆ ಹೊತ್ತಿಗೆ ಚೆಂದ ಕಾಣುತ್ತದೆ, ವರ್ಷ ತುಂಬುವುದರೊಳಗೆ ಮೇಲ್ಮೈ ಧೂಳಾಗಿ ಏಳುತ್ತದೆ. ಕಾಕಾ ಓಡಿ ಹೋಗಿ ಕಸಬರಿಗೆ ಕಿತ್ತುಕೊಂಡರು. "ಮದುವಿ ಮನಿ ಅಂತ ತಿಳಿದೀಯೇನಲೇ, ಪನ್ನೀರ ಹೊಡ್ಯಾಕ? ಮನಿಗೆ ಹೋಗು. ನಾಳಿ ಬಾ, ಇವತ್ತ ಕೈ ಮುಟ್ಟಬ್ಯಾಡ." ಇಷ್ಟು ನಿಷ್ಠುರದ ಮನುಷ್ಯನನ್ನು ನಂಬದೆ ಇನ್ನಾರನ್ನು ನಂಬಬೇಕಿತ್ತು, ನೀವೇ ಹೇಳಿ.

ನಾನು ಲಕ್ಷ್ಮೇಶ್ವರದವಳು. ಅಬ್ಬಾ ಗೌಂಡಿ ಕೆಲಸ ಮಾಡಿ ನನ್ನನ್ನು ಡಿಪ್ಲೊಮಾ ಓದಿಸಿದರು. ಬೆಟಗೇರಿಯ ಒಂದು ಸಣ್ಣ ಲ್ಯಾಬಿನಲ್ಲಿ ಕಾಂಕ್ರೀಟು ಪರೀಕ್ಷೆ ಮಾಡುವ ಕೆಲಸ ಸಿಕ್ಕಿತು. ನೆಲ ಹಾಸುವ ದಿನ ಅದೇ ಕಾಂಕ್ರೀಟನ್ನು ಕಬ್ಬಿಣದ ಅಚ್ಚುಗಳಲ್ಲಿ ತುಂಬಿ ಗೇಣಗಲದ ಚೌಕು ಗಟ್ಟಿಗಳನ್ನು ಮಾಡುತ್ತಾರೆ. ಅವಕ್ಕೆ ಕ್ಯೂಬ್ ಎನ್ನುತ್ತೇವೆ. ಇಪ್ಪತ್ತೆಂಟು ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಅದುಮಿ ಒಡೆಯುವುದು. ಎಷ್ಟು ಭಾರಕ್ಕೆ ಒಡೆಯಿತೋ ಅದೇ ಆ ನೆಲದ ತಾಕತ್ತು. ಅದನ್ನು ಬರೆದು ಕೆಳಗೆ ಸಹಿ ಮಾಡುವವಳು ನಾನು. ಆ ಸಹಿ ನೋಡಿ ಗೋದಾಮಿನವರು ಮೂರಾಳೆತ್ತರದ ಉಕ್ಕಿನ ರ‍್ಯಾಕು ನಿಲ್ಲಿಸುತ್ತಾರೆ, ಅದರ ತುಂಬ ಅರಳೆ, ಮೆಣಸಿನಕಾಯಿ ಪೇರಿಸುತ್ತಾರೆ, ಅದರ ಕೆಳಗೆ ಹಮಾಲರು ದಿನವಿಡೀ ಓಡಾಡುತ್ತಾರೆ. ನನ್ನ ಸಹಿ ಸುಳ್ಳಾದರೆ ಅದು ಅವರ ತಲೆಯ ಮೇಲೆ ಬೀಳುತ್ತದೆ. ಇದನ್ನು ನನಗೆ ತಿಳಿಸಿ ಹೇಳಿದವರು ಕಾಲೇಜಿನವರಲ್ಲ, ಕಾಕಾ.

ಹೊಸದರಲ್ಲಿ ಲ್ಯಾಬಿಗೆ ಬಂದವರೆಲ್ಲ ನನ್ನನ್ನು ನೋಡಿ "ಸರ್ ಇಲ್ಲೇನ್ರಿ?" ಎನ್ನುತ್ತಿದ್ದರು. ಕಾಕಾ ಮೊದಲ ಸಲ ಬಂದಾಗ ಕೇಳಿದ್ದು, "ಮಶೀನ್ ಯಾರ ನಡಸ್ತಾರ?"

"ನಾನ ನಡಸ್ತೀನ್ರಿ."

"ಹಂಗಾರ ನಡಸು. ನಾ ನಿಂತು ನೋಡ್ತೀನಿ."

ಯಂತ್ರಕ್ಕೆ ಬೆನ್ನು ಮಾಡಿ ನಿಂತು, ಕ್ಯೂಬ್ ಒಡೆಯುವ ಸದ್ದು ಕೇಳಿಯೇ ಎಷ್ಟಕ್ಕೆ ಒಡೆಯಿತೆಂದು ಹೇಳಿಬಿಟ್ಟರು. ಮುಳ್ಳು ನೋಡಿದರೆ ಹೆಚ್ಚು ಕಡಿಮೆ ಅಷ್ಟೇ ಇತ್ತು. ಅಂದಿನಿಂದ ನಾನು ಅವರ ಶಿಷ್ಯೆ. ಲ್ಯಾಬಿನಲ್ಲಿ ಕೂತು ಕ್ಯೂಬಿನ ಹಾದಿ ಕಾಯಬಾರದು, ನೆಲ ಹಾಸುವಲ್ಲಿಗೆ ನೀನೇ ಹೋಗಿ ನಿನ್ನ ಕೈಯಿಂದಲೇ ಅಚ್ಚು ತುಂಬಬೇಕು ಎಂದು ಕಲಿಸಿದ್ದೂ ಅವರೇ. "ಹೇಳಿ ಹೋಗಬ್ಯಾಡ, ಹೇಳದಂಗ ಹೋಗು. ಛಲೋ ಸಿಮೆಂಟ್ ಹಾಕಿ ಮನ್ಯಾಗ ಕ್ಯೂಬ್ ಮಾಡಿ ತರೋ ಮಂದಿ ಭಾಳ ಅದಾರ. ಯಾರನ್ನೂ ನಂಬಬ್ಯಾಡ ತಂಗಿ, ನನ್ನೂ ಕೂಡಿಸಿ." ಇದನ್ನು ಹೇಳಿ ಅವರು ನಕ್ಕರು, ನಾನೂ ನಕ್ಕೆ.

ಎರಡು ವರ್ಷ ಹಾಗೇ ನಡೆಯಿತು. ನಾನು ಬಸ್ಸಿನಲ್ಲೋ ಟಂಟಂನಲ್ಲೋ ಅಚ್ಚುಗಳ ಚೀಲ ಹೊತ್ತು ಊರೂರು ತಿರುಗಿದೆ. ಆಮೇಲೆ ನನಗೆ ದಿನ ನಿಂತವು. ಐದನೇ ತಿಂಗಳು, ಬೇಸಿಗೆ. ಮುಂಡರಗಿಯ ಕೆಲಸಕ್ಕೆ ಹೊರಡಬೇಕೆಂದು ಲ್ಯಾಬಿನ ಮೆಟ್ಟಿಲು ಇಳಿಯುತ್ತಿದ್ದಾಗ ಕಾಕಾ ಎದುರಾದರು. ಕೈಯಲ್ಲಿ ಬುತ್ತಿ. ಅವರ ಹೆಂಡತಿ ಕಟ್ಟಿಕೊಟ್ಟ ಕಟಕ ರೊಟ್ಟಿ, ಅಗಸಿ ಚಟ್ನಿ, ಕೆನೆಮೊಸರು. ನನ್ನ ಕಾಲು ನೋಡಿದರು. ಬಾತು ಚಪ್ಪಲಿಯ ಪಟ್ಟಿ ಒಳಗೆ ಹೂತಿತ್ತು.

"ಈ ಬಿಸಲಾಗ ನೀ ಬರಬ್ಯಾಡ ತಂಗಿ. ಅಚ್ಚು ಇಲ್ಲೆ ಕೊಡು. ನಾ ತುಂಬಿಸಿ ತರ್ತೀನಿ. ಕೂಸು ಮುಖ್ಯ."

ಅಬ್ಬಾನಿಗೆ ಹೇಳಿದಾಗ ಅವರ ಕಣ್ಣಲ್ಲಿ ನೀರು ಬಂತು. ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಆ ಬುತ್ತಿಯ ಮಾತು ನಡೆಯಿತು. ಮಗಳು ಹುಟ್ಟಿದಳು, ಅವಳನ್ನು ಬಿಟ್ಟು ಹೋಗುವುದು ಕಷ್ಟವಾಯಿತು, ಆಮೇಲೆ ಅದೇ ರೂಢಿಯಾಯಿತು. ಕಾಕಾ ಕೆಂಪು ಬಣ್ಣದಲ್ಲಿ ತಾರೀಖು ಬರೆದ ಕ್ಯೂಬುಗಳನ್ನು ತರುವರು, ನಾನು ಒಡೆಯುವೆ, ಸಹಿ ಹಾಕುವೆ. ಅವರ ಒಂದು ಕ್ಯೂಬೂ ಕೈಕೊಡಲಿಲ್ಲ. ಕೈಕೊಡದೆ ಇದ್ದದ್ದಕ್ಕೆ ಅನುಮಾನ ಬರಬೇಕಿತ್ತು, ನನಗೆ ಹೆಮ್ಮೆ ಬಂತು.

ಮಗಳು ಎರಡನೆಯ ಇಯತ್ತೆಗೆ ಬಂದ ವರ್ಷ ಲಕ್ಷ್ಮೇಶ್ವರದ ಗೋದಾಮಿನಿಂದ ಫೋನ್ ಬಂತು. ತುಂಬಿದ ರ‍್ಯಾಕೊಂದರ ಕಾಲು ನೆಲದೊಳಗೆ ಇಳಿದು, ರ‍್ಯಾಕು ವಾಲಿ, ಮೆಣಸಿನಕಾಯಿಯ ಚೀಲಗಳು ಉರುಳಿದ್ದವು. ಕೆಳಗಿದ್ದ ಒಬ್ಬ ಹಮಾಲ ಹಾರಿ ಉಳಿದಿದ್ದ. ಭುಜದ ಮೂಳೆ ಮುರಿದಿತ್ತು. ನಾನು ಹೋದಾಗ ಕಾಕಾ ಇನ್ನೂ ಬಂದಿರಲಿಲ್ಲ. ಗೋದಾಮಿನ ಮ್ಯಾನೇಜರನ ಮುಂದೆ ನಾನೇ ವಕೀಲಿ ಮಾಡಿದೆ. "ಈ ನೆಲಾ ಯಾರ ಹಾಕ್ಯಾರ ಗೊತ್ತೈತಿಲ್ರಿ? ನೆಲದ ತಪ್ಪು ಇರಾಕ ಸಾಧ್ಯ ಇಲ್ಲ. ನಿಮ್ಮ ರ‍್ಯಾಕ್ ಸರಿ ನಿಲ್ಲಿಸಿಲ್ಲ ನೀವು."

ಮ್ಯಾನೇಜರ್ ಜಗಳಾಡಲಿಲ್ಲ. "ಹಂಗಾರ ನೆಲಾ ಕೊರದು ನೋಡೋಣ್ರಿ ಅಕ್ಕಾರ" ಎಂದ. ನೆಲದಿಂದ ಕೊರೆದು ತೆಗೆದ ಕಾಂಕ್ರೀಟಿನ ದುಂಡನೆಯ ತುಂಡುಗಳನ್ನು ನಾನೇ ಲ್ಯಾಬಿಗೆ ತಂದೆ. ಮೇಲಿನ ಎರಡು ಬೆರಳು ಹೊಳೆಯುತ್ತಿತ್ತು. ಕೆಳಗಿನದು ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಯಂತ್ರಕ್ಕಿಟ್ಟರೆ ನಾನು ಬರೆದುಕೊಟ್ಟ ಲೆಕ್ಕದ ಅರ್ಧಕ್ಕೇ ಒಡೆಯಿತು.

ನಾಲ್ಕು ದಿನ ಬಿಟ್ಟು ಗೋದಾಮಿನಲ್ಲಿ ಎಲ್ಲರೂ ಕೂಡಿದೆವು. ಮ್ಯಾನೇಜರ್, ನಮ್ಮ ಲ್ಯಾಬಿನ ಯಜಮಾನರು, ನಾನು, ಕಾಕಾ. ಅವರು ನೆಲದ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ.

"ನೆಲಾ ನಂದು, ಇಲ್ಲ ಅನ್ನಂಗಿಲ್ಲ. ಕ್ಯೂಬ್ ನಾ ಕೊಟ್ಟೀನಿ. ಇವರ ಲ್ಯಾಬಿನ್ಯಾಗ ಒಡದಾರ, ಪಾಸ್ ಅಂತ ಬರಕೊಟ್ಟಾರ. ಆ ಮಶೀನ್ ಏನ ತೋರಸ್ತೋ, ಏನ ಬರದ್ರೋ ನನಗೇನ ಗೊತ್ರಿ? ಸಹಿ ಈ ತಂಗೀದು ಐತಿ, ಕೇಳ್ರಿ."

ಅಲ್ಲೂ ತಂಗಿ ಎಂದೇ ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನನ್ನ ಹುಚ್ಚು ನೋಡಿ. ಅಷ್ಟಾದ ಮೇಲೂ ನನಗೆ ಅನುಮಾನ ಬಂದದ್ದು ಯಂತ್ರದ ಮೇಲೆ. ಕಾಕಾ ಹಾಗೆಂದರೆ ನನ್ನ ಯಂತ್ರವೇ ಕೆಟ್ಟಿರಬೇಕು, ನನಗೇ ಓದಲು ಬಂದಿರಲಿಕ್ಕಿಲ್ಲ ಎಂದು ಮೂರು ದಿನ ಅದರ ಮುಂದೆ ಕೂತೆ. ಹುಬ್ಬಳ್ಳಿಯಿಂದ ತಪಾಸಣೆಯವನನ್ನು ಕರೆಸಿದೆ. ಅವನು ಎಲ್ಲ ತಿರುಗಿಸಿ ನೋಡಿ, "ಮಶೀನ್ ಒಂದ ಕೂದಲಿನಷ್ಟೂ ತಪ್ಪಿಲ್ರಿ ಮೇಡಂ" ಎಂದು ಕಾಗದ ಬರೆದುಕೊಟ್ಟ. ಅವನು ಹೋದ ಮೇಲೆ ನಾನು ಅಳುತ್ತ ಕೂತೆ. ಯಂತ್ರ ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು.

ಆಮೇಲೆ ಹಿತ್ತಲಿಗೆ ಹೋದೆ. ನಮ್ಮ ಲ್ಯಾಬಿನ ಹಿಂದೆ ಎರೆಮಣ್ಣು. ಮಳೆ ಬಂದರೆ ಕಾಲು ಹೂತು ಹೋಗುತ್ತದೆಂದು, ಪರೀಕ್ಷೆಯಾದ ಕ್ಯೂಬಿನ ತುಂಡುಗಳನ್ನು ಬಾಗಿಲಿನಿಂದ ಕಾಂಪೌಂಡಿನವರೆಗೆ ಹಾದಿಯಾಗಿ ಹಾಸುತ್ತ ಬಂದಿದ್ದೆವು. ಹಳೆಯವು ಬಾಗಿಲ ಹತ್ತಿರ, ಹೊಸವು ದೂರ. ಲಕ್ಷ್ಮೇಶ್ವರದ ತುಂಡೊಂದನ್ನು ಹುಡುಕಿ ಸುತ್ತಿಗೆಯಿಂದ ಒಡೆದೆ. ಒಳಗೆ ಕೆಂಪು ಛಾಯೆಯ ನುಣ್ಣನೆಯ ಉಸುಕು. ಅದರಲ್ಲಿ ಜೋಳದ ಕಾಳಿನಷ್ಟು ಒಂದು ಬಿಳಿ ಶಂಖ, ಹೊಳೆಯ ಹುಳುವಿನದು.

ಹೊಳೆಯ ಉಸುಕು ನಮ್ಮ ಕಡೆ ಗೋದಾಮಿನ ಕೆಲಸಕ್ಕೆ ಸಿಗುವುದು ನಿಂತು ಎಷ್ಟೋ ವರ್ಷವಾಯಿತು. ಎಲ್ಲರೂ ಹಾಕುವುದು ಕಲ್ಲು ಅರೆದು ಮಾಡಿದ ಕ್ರಷರಿನ ಉಸುಕು. ನೆಲದಿಂದ ಕೊರೆದು ತಂದದ್ದರಲ್ಲೂ ಅದೇ ಬೂದು ಬಣ್ಣದ ಪುಡಿ. ಕಲ್ಲಿನ ಪುಡಿಯಲ್ಲಿ ಶಂಖ ಎಲ್ಲಿಂದ ಬರಬೇಕು? ಕಾಕಾನ ಮನೆ ಮುಂಡರಗಿಯಾಚೆ ಹಮ್ಮಿಗಿಯಲ್ಲಿ, ತುಂಗಭದ್ರೆಯ ದಂಡೆಗೆ. ನೆಲದ ಕಾಂಕ್ರೀಟು ಒಂದು, ನನ್ನ ಮುಂದೆ ತಂದಿಟ್ಟ ಕ್ಯೂಬ್ ಇನ್ನೊಂದು. ಯಾವ ಮೋಸದ ಬಗ್ಗೆ ನನ್ನನ್ನು ಎಚ್ಚರಿಸಿದ್ದರೋ ಅದನ್ನೇ ತಾವೂ ಮಾಡಿದ್ದರು.

ಮಧ್ಯಾಹ್ನವಿಡೀ ಕೂತು ಒಡೆದೆ. ಕೆಂಪು ಬಣ್ಣದ ತಾರೀಖಿದ್ದ ಅವರ ತುಂಡುಗಳಲ್ಲೆಲ್ಲ ಅದೇ ಉಸುಕು. ವರ್ಷದಿಂದ ವರ್ಷ ಹಿಂದಕ್ಕೆ ಹೋಗುತ್ತ, ಆ ಬುತ್ತಿಯ ದಿನದ ಮುಂಡರಗಿಯ ಕ್ಯೂಬಿನವರೆಗೆ ಬಂದೆ. ಅದರಲ್ಲೂ ಅದೇ. ಅದಕ್ಕಿಂತ ಹಿಂದಿನವು ನಾನು ನನ್ನ ಕೈಯಿಂದ ತುಂಬಿದವು. ಹಸಿ ಇರುವಾಗಲೇ ಮೊಳೆಯಿಂದ ಊರಿನ ಹೆಸರು, ತಾರೀಖು, ಕೆಳಗೆ ನನ್ನ ಹೆಸರಿನ ಮೊದಲ ಅಕ್ಷರವನ್ನು ಕೆತ್ತುತ್ತಿದ್ದೆ. ಅವುಗಳಲ್ಲಿ ಎಲ್ಲಕ್ಕಿಂತ ಕೊನೆಯದು ಹರ್ತಿಯದು. ಅವನ್ನು ಒಡೆಯಲಿಲ್ಲ. ನನ್ನದೇ ಅಕ್ಷರವಿತ್ತಲ್ಲ.

ನನಗೆ ಹತ್ತಿದ ಉರಿ ಅದು: ನಾನು ಅನುಮಾನಿಸುತ್ತಿದ್ದಷ್ಟು ದಿನ ಅವರು ಪ್ರಾಮಾಣಿಕರಾಗಿದ್ದರು, ನಂಬಿದ ದಿನದಿಂದ ಮೋಸ ಶುರುವಾಯಿತು. ಆದರೂ ಒಂದು ಸಮಾಧಾನ ಹುಡುಕಿಕೊಂಡೆ. ನನ್ನ ಬಾತ ಕಾಲು ನೋಡಿ ಬರಬೇಡ ಎಂದದ್ದು ಖರೆ ಇರಬೇಕು. ಅದರಿಂದ ದಾರಿ ಸಿಕ್ಕಿತು, ಆಮೇಲೆ ಮನಸ್ಸು ಕೆಟ್ಟಿತು. ಹೀಗೆ ನನಗೆ ನಾನೇ ಹೇಳಿಕೊಂಡೆ. ಆ ಬುತ್ತಿಯನ್ನಾದರೂ ಉಳಿಸಿಕೊಳ್ಳಬೇಕಿತ್ತು ನನಗೆ.

ಲ್ಯಾಬಿನ ಯಜಮಾನರು ಎಲ್ಲ ಕೇಳಿ, ಬಾಗಿಲು ಹಾಕಿ, "ಒಂದ ಗೋದಾಮಿಂದು ಹೊರಗ ಬಂದೈತಿ, ಅಷ್ಟಕ್ಕ ಮುಗಸೋಣು. ಉಳದಾವು ನಿಂತಾವಲ್ಲ" ಎಂದರು. ನಿಂತಿವೆ, ಹೌದು. ಅವುಗಳ ಕೆಳಗೆ ಹಮಾಲರೂ ನಿಂತಿದ್ದಾರೆ. ಭುಜಕ್ಕೆ ಕಟ್ಟು ಹಾಕಿಸಿಕೊಂಡು ಕೂತಿದ್ದ ಆ ಮನುಷ್ಯನನ್ನು ನಾನು ನೋಡಿ ಬಂದಿದ್ದೆ. ರಾಜೀನಾಮೆ ಬರೆದಿಟ್ಟು, ಆ ಬುತ್ತಿಯ ದಿನದಿಂದೀಚೆಗೆ ಕಾಕಾ ನೆಲ ಹಾಸಿದ ಪ್ರತಿಯೊಂದು ಗೋದಾಮಿಗೂ ಪತ್ರ ಬರೆದೆ. ಇಂಥ ತಾರೀಖಿನಿಂದ ಈಚಿನ ನನ್ನ ಸಹಿಯನ್ನು ನಂಬಬೇಡಿ, ನೆಲ ಕೊರೆಸಿ ನೋಡಿ, ಅಲ್ಲಿಯವರೆಗೆ ರ‍್ಯಾಕು ಖಾಲಿ ಮಾಡಿ. ಕ್ಯೂಬ್ ತಂದವರ ಹೆಸರನ್ನೂ ಬರೆದೆ.

ಪತ್ರ ಹಾಕಿದ ಮರುದಿನ ಮುಂಜಾನೆ ಹಮ್ಮಿಗಿಗೆ ಹೋದೆ. ಯಾಕೆ ಹೋದೆನೋ. ಬೆನ್ನ ಹಿಂದೆ ಹೆಸರು ಬರೆದೆ ಎನ್ನಿಸಬಾರದು ಎಂದಿರಬೇಕು. ಕಾಕಾ ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದರು. ಆಗಲೇ ದಮ್ಮು ಜೋರಾಗಿತ್ತು. ಹೆಂಡತಿ ನನ್ನನ್ನು ನೋಡಿ ಏನೂ ತಿಳಿಯದವರಂತೆ "ಬಾ ನನ್ನವ್ವ, ಕುಂಡ್ರು" ಎಂದು ಚಹಾಕ್ಕೆ ಒಳಗೆ ಹೋದರು. ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ.

ಪತ್ರದ ಪ್ರತಿಯನ್ನು ಅವರ ಕೈಗೆ ಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು, ತುಟಿ ಆಡಿಸುತ್ತ ಪೂರ್ತಿ ಓದಿದರು. ಬೈಯುತ್ತಾರೆ, ಇಲ್ಲವೆ ಅಳುತ್ತಾರೆ ಎಂದು ಕಾದೆ. ಎರಡೂ ಇಲ್ಲ.

"ಯಾಕ ಮಾಡಿದ್ರಿ ಕಾಕಾ?" ಎಂದೆ.

ಅವರು ಪತ್ರದ ಮೇಲೆ ಬೆರಳಿಟ್ಟು, "ಈ ತಾರೀಖು ತಪ್ಪೈತಿ" ಎಂದರು.

"ಏನು ತಪ್ಪು?"

"ಹರ್ತಿದೂ ಸೇರಸು. ಶುರು ಆಗಿದ್ದ ಅಲ್ಲಿಂದ."

"ಹರ್ತಿದು ನಾನ ತುಂಬೀನಿ. ನನ್ನ ಅಕ್ಷರ ಐತಿ ಅದರ ಮ್ಯಾಲ."

ಕಾಕಾ ಪತ್ರ ಮಡಚಿ ನನ್ನ ಕೈಗೆ ವಾಪಸು ಕೊಟ್ಟರು. "ನೀ ತುಂಬಿ ಹ್ವಾದಿ. ಕ್ಯೂಬ್ ಒಂದ ದಿನ ಅಲ್ಲೇ ಇದ್ದೂವು ನೋಡು, ಗಟ್ಟಿ ಆಗಾಕ. ಆ ಸಲ ಕ್ರಷರ್ ಉಸುಕು ಪೂರಾ ಕೆಟ್ಟಿತ್ತು, ನಿನ್ನ ಮಶೀನಿನ್ಯಾಗ ನಿಂದರತಿದ್ದಿಲ್ಲ. ಆದರ ನೋಡಾಕ ಅಷ್ಟ ಚಂದನ ನೆಲಾ ನಾ ಹಿಂದ ಹಾಕಿದ್ದಿಲ್ಲ, ಮುಂದನೂ ಹಾಕಲಿಲ್ಲ. ಫೇಲ್ ಅಂತ ಅದನ್ನ ಒಡಸಾಕ ಮನಸ ಬರಲಿಲ್ಲ ತಂಗಿ. ಮನ್ಯಾಗ ಬ್ಯಾರೆ ತುಂಬಿ ತಂದೆ. ನಿನ್ನ ಅಕ್ಷರ ಬರಿಯೂದ ಅವತ್ತ ಕಲತೆ, ಹಿತ್ತಲದಾಗ ಕುಂತು. ಭಾಳೊತ್ತು ಬೇಕಾತು."

ಹರ್ತಿಯ ಗೋದಾಮಿನ ನೆಲ ಹಾಸಿದ್ದು ಆ ಬುತ್ತಿಗಿಂತ ಹದಿನೈದು ದಿನ ಮೊದಲು. ಇನ್ನು ನಾನು ಹತ್ತಿರ ಇರಬಾರದೆಂದು ಅವರಿಗೆ ಗೊತ್ತಾಗಿತ್ತು. ಆಮೇಲೆ ನನ್ನ ಬಾತ ಕಾಲು ನೋಡಿದ್ದರು.

"ಜಲ್ದಿ ಬರಿ," ಎಂದರು ಕಾಕಾ. "ಹರ್ತಿ ರ‍್ಯಾಕ್ ಎಲ್ಲಾವುಕ್ಕಿಂತ ಎತ್ತರ ಅದಾವು. ಮಂದಿ ಸಾಯ್ತಾರ."

ಅವರ ಹೆಂಡತಿ ಚಹಾ ತಂದರು. ಕುಡಿಯಲಿಲ್ಲ. ಗದಗಿನ ಬಸ್ಸು ಹತ್ತಿ, ಪತ್ರದ ಪ್ರತಿಯ ಹಿಂಬದಿಗೆ ಹರ್ತಿಯ ಗೋದಾಮಿನ ಹೆಸರು ಬರೆದುಕೊಂಡೆ. ಎಲ್ಲ ತಿಳಿದ ಮೇಲೂ ಅವರ ಆ ಒಂದು ಮಾತನ್ನು ಮಾತ್ರ ನಾನು ಪರೀಕ್ಷೆ ಮಾಡಲಿಲ್ಲ, ಹರ್ತಿಯ ಕ್ಯೂಬನ್ನು ಒಡೆದು ನೋಡಲಿಲ್ಲ. ಬಸ್ಸು ಕುಲುಕಿದಾಗೆಲ್ಲ ಅಕ್ಷರ ಸೊಟ್ಟಗಾಯಿತು, ಹೊಡೆದು ಹಾಕಿ ಮತ್ತೆ ಬರೆದೆ.